ಕಂಪ್ಲಿಯ ಮರಳಿನಲ್ಲಿ ನಾನು ಗೆದ್ದ ವಾದ

ಮರಳಿನ ಮೇಲೆ ಜೀಪು ನಡೆಸಲು ಕಲಿಸುವವನು ತನ್ನ ವೃತ್ತಿಜೀವನದ ಬಹುಭಾಗವನ್ನು ನಿಂತ ಜೀಪನ್ನು ನೋಡುವುದರಲ್ಲಿಯೇ ಕಳೆಯುತ್ತಾನೆ. ಈ ಕೆಲಸಕ್ಕೆ ಹೊಸದಾಗಿ ಬರುವ ತರುಣರು ಇದನ್ನು ಮೊದಲು ತಿಳಿದಿರಬೇಕು. ಓಡುವ ವಾಹನದ ಬಗ್ಗೆ ಕಲಿಸಲು ಹೆಚ್ಚೇನೂ ಇಲ್ಲ. ಹೂತುಹೋದ ವಾಹನದ ಬಗ್ಗೆ ಕಲಿಸಬೇಕಾದದ್ದು ಬೇಕಾದಷ್ಟಿದೆ. ಹೊಸಪೇಟೆಯ ತರಬೇತಿ ಕೇಂದ್ರವೊಂದರಲ್ಲಿ ನಿವೃತ್ತನಾಗುವವರೆಗೂ ನಾನು ಮಾಡಿದ್ದು ಇದನ್ನೇ. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಗಳ ಕಥೆ ಎಲ್ಲ ನೌಕರರದೂ ಒಂದೇ ಆದುದರಿಂದ ಅದನ್ನು ಬಿಡುತ್ತೇನೆ.

ನಾನು ಸೇರುವ ವೇಳೆಗೆ ಕಾಲುವೆಯ ನೀರು ಈ ಸೀಮೆಯ ಮುಖವನ್ನೇ ಬದಲಿಸಿತ್ತು. ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ತೂಗುತ್ತಿತ್ತು. ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕರ ಅಂಗಳಗಳಲ್ಲಿ ಎತ್ತಿನ ಗಾಡಿಯ ಪಕ್ಕದಲ್ಲಿ ಜೀಪು ನಿಲ್ಲತೊಡಗಿತ್ತು. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಇಳಿಯುತ್ತಿದ್ದವು. ವಾಹನಗಳು ಬಂದಷ್ಟು ಬೇಗ ಅವನ್ನು ನಡೆಸುವವರು ಬರಲಿಲ್ಲ. ಅಲ್ಲಿಯವರೆಗೆ ಚಾಲನೆ ಕಲಿಯಲು ಇದ್ದ ದಾರಿ ಒಂದೇ: ಯಾವನಾದರೂ ಉಸ್ತಾದನ ಬಳಿ ಕ್ಲೀನರ್ ಆಗಿ ಸೇರಿ, ವರ್ಷಗಟ್ಟಲೆ ಗಾಡಿ ತೊಳೆದು, ಅವನ ಬೈಗುಳ ತಿಂದು, ಅವನು ಖುಷಿಯಲ್ಲಿದ್ದ ದಿನ ಒಂದಿಷ್ಟು ದೂರ ಸ್ಟೇರಿಂಗ್ ಹಿಡಿಯುವುದು. ಬಳ್ಳಾರಿಯಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಫಲಕಗಳನ್ನು ಗೆದ್ದಿದ್ದ ನನಗೆ ಈ ಪದ್ಧತಿ ಗುಲಾಮಗಿರಿಯ ಅವಶೇಷದಂತೆ ಕಂಡಿತು. ವಿದ್ಯೆ ಯಾರ ದಯೆಯೂ ಆಗಿರಬಾರದು, ಅದು ಹಕ್ಕಾಗಬೇಕು ಎಂದು ನಂಬಿ ನಾನು ಈ ಕೆಲಸಕ್ಕೆ ಬಂದೆ. ಸೋದರಮಾವನ ಜೀಪಿನಲ್ಲಿ ಕಲಿತಿದ್ದ ಚಾಲನೆಗಿಂತ ಆ ನಂಬಿಕೆಯೇ ನನ್ನ ದೊಡ್ಡ ಅರ್ಹತೆ ಎಂದು ಭಾವಿಸಿದ್ದೆ. ಕಪ್ಪುಹಲಗೆ ತರಿಸಿದೆ. ಗೇರು, ಕ್ಲಚ್ಚುಗಳ ಚಿತ್ರ ಬರೆದೆ. ಬೈಗುಳವನ್ನು ನಿಷೇಧಿಸಿದೆ. ಕಲಿಯಲು ಬಂದವರು ನನಗೆ ‘ಭಾಷಣದ ಸರ್’ ಎಂದು ಹೆಸರಿಟ್ಟರು.

ಕಾಲುವೆಯ ದಂಡೆಯ ಕಚ್ಚಾದಾರಿ, ಗಣಿಯ ದಾರಿ, ಹಳ್ಳ ದಾಟುವ ದಾರಿ, ಎಲ್ಲವೂ ಸಡಿಲ ನೆಲವೇ. ಆದ್ದರಿಂದ ಡಾಂಬರಿನ ಮೇಲೆ ಕಲಿತವರನ್ನು ಕೊನೆಗೆ ಮರಳಿಗೆ ಇಳಿಸುತ್ತಿದ್ದೆವು. ಬೇಸಿಗೆಯಲ್ಲಿ ನೀರೆಲ್ಲ ಕಾಲುವೆಗಳಿಗೆ ಹೋಗಿ, ಕಂಪ್ಲಿಯ ಬಳಿ ತುಂಗಭದ್ರೆ ಒಂದು ಬದಿಗೆ ಸರಿದು ಹರಿಯುತ್ತಿತ್ತು. ಉಳಿದ ಪಾತ್ರದ ತುಂಬ ಮರಳು. ಬಿರುಗಾಳಿ ಅದನ್ನು ಗುಡಿಸಿ ಗುಡಿಸಿ ಆಳೆತ್ತರದ ದಿಬ್ಬಗಳಾಗಿ ಪೇರಿಸಿರುತ್ತಿತ್ತು. ಬೆಳಿಗ್ಗೆ ಹೊಸಪೇಟೆಯಿಂದ ಹೊರಟು ಕಮಲಾಪುರದ ಮೇಲೆ ಐದು ಹಳೆಯ ಜೀಪುಗಳ ಸಾಲು ಕಂಪ್ಲಿಗೆ ಹೋಗುತ್ತಿತ್ತು.

ಮೊದಲ ಸಲ ಹೋದಾಗಿನ ನನ್ನ ಪ್ರಮಾದವನ್ನು ಈಗಲೂ ನನ್ನ ಬೆನ್ನ ಹಿಂದೆ ಹೇಳಿ ನಗುವವರಿದ್ದಾರೆ. ದಂಡೆಯ ಮೇಲೆ ನಿಂತು ಮರಳಿನ ಗುಣಧರ್ಮದ ಬಗ್ಗೆ ಉಪನ್ಯಾಸ ಮಾಡಿದೆ. ಯಾರೂ ಮುಂದಿನವನಲ್ಲ, ಯಾರೂ ಹಿಂದಿನವನಲ್ಲ, ಎಲ್ಲರೂ ಸಮಾನರು. ಆದ್ದರಿಂದ ಐದು ಜೀಪುಗಳೂ ಸಾಲಾಗಿ ಅಕ್ಕಪಕ್ಕದಲ್ಲಿ ಒಮ್ಮೆಗೇ ಇಳಿಯಲಿ ಎಂದೆ. ಐದೂ ಒಮ್ಮೆಗೇ ಇಳಿದವು. ಐದೂ ದಿಬ್ಬ ಹತ್ತಿದವು. ಆಚೆ ಬದಿಯಲ್ಲಿ ಏನಿದೆಯೆಂದು ನೋಡಿ ಹೇಳಲು ಮುಂದೆ ಒಬ್ಬನೂ ಇರಲಿಲ್ಲ. ಇದ್ದದ್ದು, ಮರಳಿನಲ್ಲಿ ಗುಣಿ ತೋಡಿ ಗೊಬ್ಬರ ಹಾಕಿ ಬೆಳೆಸಿದ ಕಲ್ಲಂಗಡಿಯ ಬಳ್ಳಿಗಳು. ಐದು ಜೀಪುಗಳೂ ಅದರಲ್ಲಿ ಹೂತು ನಿಂತವು.

ಬಳ್ಳಿಯ ಒಡತಿ ಹನುಮವ್ವ ಗುಡಿಸಲಿನಿಂದ ಹೊರಬಂದು ನಮ್ಮನ್ನೊಮ್ಮೆ ನೋಡಿದಳು.

“ಒಂದು ಎಮ್ಮಿ ಬಂದ್ರ ಹೊಡದು ಕಳಸ್ತಿದ್ದೆ. ಇದೇನಲೇ, ದಿಬ್ಬಣ ಕಟಗೊಂಡು ಬಂದೀರಿ? ಎಲ್ಲಾರೂ ಒಮ್ಮೆಗೇ ಬರ್ರಿ ಅಂದವ ಯಾವನು?”

ಯಾರೂ ನನ್ನತ್ತ ಬೆರಳು ತೋರಿಸಲಿಲ್ಲ. ತೋರಿಸುವ ಅಗತ್ಯವೂ ಇರಲಿಲ್ಲ. ಕಲಿಯಲು ಬಂದವರಲ್ಲಿ ಒಬ್ಬನಾದ ಕಂಪ್ಲಿಯ ಮಾಬುಸಾಬ, ಮುಂದೆ ನಮ್ಮ ಕೇಂದ್ರದಲ್ಲೇ ಮೆಕ್ಯಾನಿಕ್ ಆದವನು, ಗಂಭೀರವಾಗಿ ಹೇಳಿದ: “ಸಮಾನತೆ ಬಂತು ನೋಡ್ರಿ ಸರ. ಎಲ್ಲಾರೂ ಒಂದೇ ಸಮ ಹುಗದೀವಿ.”

ಆ ಸಂಜೆ ನನ್ನ ಮೇಲಧಿಕಾರಿ ಸಿದ್ದನಗೌಡರು ನನ್ನನ್ನು ಕರೆಸಿದರು. ಸೈನ್ಯದಲ್ಲಿ ವಾಹನ ನಡೆಸಿ ಬಂದವರು. ಅರ್ಧ ವಾಕ್ಯದಲ್ಲಿ ಕೆಲಸ ಮುಗಿಸುವವರು. ಬೈಯಲಿಲ್ಲ. ಕ್ರಮಗಳನ್ನು ಮಾತ್ರ ಬದಲಿಸಿದರು. ಮರಳಿಗೆ ಇಳಿಯುವ ಮುನ್ನ ಗಾಲಿಯ ಗಾಳಿಯನ್ನು ಅರ್ಧದಷ್ಟು ಇಳಿಸಬೇಕು. ಚಪ್ಪಟೆಯಾದ ಗಾಲಿ ಅಗಲವಾಗಿ ಹೆಜ್ಜೆಯಿಡುತ್ತದೆ, ಬಿಗಿಯಾದದ್ದು ಕೊರೆದುಕೊಂಡು ಇಳಿಯುತ್ತದೆ. ಒಂದು ಜೀಪು ದಿಬ್ಬ ದಾಟಿ, ಅದರ ಚಾಲಕ ಕೈಯೆತ್ತುವವರೆಗೆ ಇನ್ನೊಂದು ಹೊರಡಬಾರದು. ದಿಬ್ಬವನ್ನು ನೆಟ್ಟಗೆ ಹತ್ತಿ ನೆಟ್ಟಗೆ ಇಳಿಯಬೇಕು, ಓರೆಯಾದರೆ ಮಗುಚುತ್ತದೆ. ನಿಂತರೆ ರೇಸ್ ಕೊಡಬಾರದು. ಇವೆಲ್ಲ ಇಂದಿಗೂ ನಿಮಗೆ ಉಪಯೋಗಕ್ಕೆ ಬರುವ ಮಾತುಗಳೇ. ಅವರ ಕೊನೆಯ ಕ್ರಮ ಮಾತ್ರ ನನಗೆ ಕ್ರೂರವೆನಿಸಿತು: ಪ್ರತಿಯೊಬ್ಬನೂ ಒಮ್ಮೆಯಾದರೂ ತಾನಾಗಿ ಹೂತು, ಯಾರ ನೆರವೂ ಇಲ್ಲದೆ ಸಲಿಕೆ ಹಿಡಿದು ಜೀಪನ್ನು ಹೊರತೆಗೆಯಬೇಕು. ಉಳಿದವರು ಕೈಕಟ್ಟಿ ನೋಡಬೇಕು.

“ಇದು ಉಸ್ತಾದರ ಪದ್ಧತಿ ಆತಲ್ರಿ ಗೌಡ್ರ,” ಎಂದೆ.

“ಉಸ್ತಾದ ನಗ್ತಾನ. ನೀವು ನಗಬ್ಯಾಡ್ರಿ. ಅಷ್ಟ ಫರಕು,” ಎಂದರು.

ವರ್ಷಗಳು ಕಳೆದವು. ನಾನು ಆ ಕ್ರಮವನ್ನು ಒಪ್ಪಿಕೊಂಡೆ, ಎಷ್ಟೋ ಜನರನ್ನು ಹಾಗೆಯೇ ತಯಾರು ಮಾಡಿದೆ. ಒಬ್ಬಳನ್ನು ಬಿಟ್ಟು.

ಎಂಬತ್ತರ ದಶಕದಲ್ಲಿ, ಹೆಣ್ಣುಮಕ್ಕಳನ್ನೂ ತರಬೇತಿಗೆ ಸೇರಿಸಿಕೊಳ್ಳಬೇಕೆಂದು ನಾನು ಕೇಂದ್ರದ ಸಮಿತಿಯ ಮುಂದೆ ವಾದಿಸಿದೆ. ಸಮಿತಿಯಲ್ಲಿ ಗಿರಣಿ ಮಾಲೀಕರು, ಗಣಿಯ ಗುತ್ತಿಗೆದಾರರು, ಊರಿನ ಹಿರಿಯರು ಇದ್ದರು. ಆ ದಿನ ನಾನು ಚೆನ್ನಾಗಿ ಮಾತನಾಡಿದೆ. ಎದುರು ಪಕ್ಷದ ಒಂದೊಂದು ಆಕ್ಷೇಪವನ್ನೂ ಅದು ಹುಟ್ಟುವ ಮೊದಲೇ ಎತ್ತಿ ಖಂಡಿಸಿದೆ. ಒಂದು ತಂಡದಲ್ಲಿ ಒಬ್ಬಳನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳಲು ಸಮಿತಿ ಒಪ್ಪಿತು. ಹೊರಗೆ ಬಂದಾಗ ಸಿದ್ದನಗೌಡರು, “ಗೆದ್ರಿ. ಇನ್ನ ಆ ಹುಡುಗಿಗೆ ಕಲಸ್ರಿ,” ಎಂದಷ್ಟೇ ಹೇಳಿದರು.

ಬಂದವಳು ಚೋರನೂರಿನ ಹುಲಿಗೆಮ್ಮ. ಮಳೆ ನಂಬಿದ ಹೊಲದ ಮನೆಯವಳು. ಕುರೆಕುಪ್ಪದ ಕಡೆ ಲಾರಿಗಳಿಗೆ ಅದಿರು ತುಂಬುವ ಕೂಲಿಗೆ ಹೋಗುತ್ತಿದ್ದಳು. ಸಂಡೂರಿನ ಹಳ್ಳಿಗಳಿಗೆ ವೈದ್ಯರನ್ನು ಕರೆದೊಯ್ಯಲು ಒಂದು ಧರ್ಮಸಂಸ್ಥೆ ಹೊಸ ಜೀಪು ಕೊಂಡಿತ್ತು. ಅದಕ್ಕೆ ಬೇಕಾದ ಚಾಲಕನನ್ನು ನಮ್ಮ ಆ ವರ್ಷದ ತಂಡದಿಂದಲೇ, ಮರಳಿನ ಪರೀಕ್ಷೆಯ ನಂತರ, ನಮ್ಮ ಸಮಿತಿಯೇ ಆರಿಸಬೇಕಿತ್ತು. ಹುಲಿಗೆಮ್ಮನಿಗೆ ಬೇಕಾಗಿದ್ದದ್ದು ಆ ಕೆಲಸ. ಏಕೆ ಎಂದು ಕೇಳಿದೆ.

“ಬುಟ್ಟಿ ಹೊತ್ತು ಹೊತ್ತು ಕುತ್ತಿಗಿ ಹೋಗ್ಯದ್ರಿ ಸರ. ಕುಂತು ಮಾಡೂ ಕೆಲಸ ಒಂದು ಬೇಕು.”

ಇದಕ್ಕಿಂತ ನ್ಯಾಯವಾದ ಕಾರಣ ಇರಲು ಸಾಧ್ಯವೇ? ಆದರೂ ನನಗೆ ಅದು ಸಾಲದೆನಿಸಿತು. ಸಮಿತಿಯವರು ಕೇಳಿದಾಗ, ಗ್ರಾಮೀಣ ಮಹಿಳೆಯರ ಆರೋಗ್ಯಕ್ಕಾಗಿ ಜೀವ ಸವೆಸಲು ಪಣ ತೊಟ್ಟ ತರುಣಿ ಎಂದು ಅವಳನ್ನು ವರ್ಣಿಸಿದೆ. ಪಕ್ಕದಲ್ಲಿ ನಿಂತಿದ್ದ ಅವಳು, ನಾನು ಹೇಳುತ್ತಿರುವುದು ಯಾರ ಬಗ್ಗೆ ಎಂಬಂತೆ ಬಾಗಿಲ ಕಡೆ ನೋಡಿದಳು.

ಡಾಂಬರಿನ ಮೇಲೆ ಅವಳು ತಂಡದ ಎಲ್ಲರಿಗಿಂತ ಸಮಾಧಾನದಿಂದ ನಡೆಸುತ್ತಿದ್ದಳು. ಕಂಪ್ಲಿಗೆ ಇಳಿದ ದಿನದಿಂದ ನನಗೆ ಭಯ ಹಿಡಿಯಿತು. ಗಿರಣಿ ಮಾಲೀಕರೊಬ್ಬರ ಮಗ ಪಂಪಾಪತಿ ದಿನವೂ ಹೂಳುತ್ತಿದ್ದ, ತೆಗೆಯುತ್ತಿದ್ದ, ಮತ್ತೆ ಹೂಳುತ್ತಿದ್ದ. ಅವನು ಹೂತರೆ ಒಬ್ಬ ಪಂಪಾಪತಿ ಹೂತಂತೆ. ಇವಳು ಹೂತರೆ ನನ್ನ ವಾದವೇ ಹೂತಂತೆ! ಆದ್ದರಿಂದ ಅವಳ ಜೀಪನ್ನು ಯಾವಾಗಲೂ ಕೊನೆಯಲ್ಲಿ, ಉಳಿದವರ ಗಾಲಿಗಳು ತುಳಿದು ಗಟ್ಟಿ ಮಾಡಿದ ಜಾಡಿನಲ್ಲಿ ಕಳುಹಿಸಿದೆ. ಪಕ್ಕದಲ್ಲಿ ನಾನೇ ಕುಳಿತೆ. ಗಾಲಿ ಸ್ವಲ್ಪ ಜಾರಿದರೂ ಕೂಗಿ ಹುಡುಗರನ್ನು ಕರೆದು ತಳ್ಳಿಸಿದೆ.

“ಎತ್ತಿನ ಬದ್ಲಿ ನಮ್ಮನ್ನ ಹೂಡೀರಿ ಸರ,” ಎಂದು ಪಂಪಾಪತಿ ಗೊಣಗಿದ. “ಹುಲಿಗೆಮ್ಮಕ್ಕಾ, ಬಾರಕೋಲು ಒಂದು ತಗೊಂಡು ಕುಂದ್ರು.”

“ನಿನ್ನಂಥ ಎತ್ತಿಗೆ ಬಾರಕೋಲು ಸಾಲಂಗಿಲ್ಲಲೇ,” ಎಂದಳು ಅವಳು. ಆಮೇಲೆ ನನ್ನ ಕಡೆ ತಿರುಗಿ, “ಸರ, ನಾನೂ ಒಮ್ಮೆ ಹುಗಿಸಿ ನೋಡ್ತೀನ್ರಿ. ಸಲಿಕಿ ಕೊಡ್ರಿ,” ಎಂದಳು.

“ಬ್ಯಾಡಮ್ಮಾ. ನೀ ಹುಗಿಸಿದ್ರ ಹೆಣ್ಮಕ್ಕಳೆಲ್ಲಾ ಹುಗಿಸಿದಂಗ ಆಗ್ತದ.”

“ಪಂಪಾಪತಿ ದಿನಾ ಹುಗಸ್ತಾನಲ್ರಿ. ಗಂಡಸ್ರೆಲ್ಲಾ ಹುಗಿಸಿದಂಗ ಆಗ್ಲಿಲ್ಲಲ?”

ಚರ್ಚಾಸ್ಪರ್ಧೆಯಲ್ಲಿ ಇಂಥ ಪ್ರಶ್ನೆ ಬಂದಿದ್ದರೆ ಎದುರಾಳಿಗೆ ತಲೆಬಾಗುತ್ತಿದ್ದೆ. ಇಲ್ಲಿ ನಾನು ಶಿಕ್ಷಕನಾಗಿದ್ದೆ. “ಹೇಳಿದಷ್ಟು ಮಾಡು,” ಎಂದೆ. ಯಾವ ಉಸ್ತಾದರ ಭಾಷೆಯನ್ನು ಅಳಿಸಲು ಈ ವೃತ್ತಿಗೆ ಬಂದಿದ್ದೆನೋ ಅದೇ ಭಾಷೆ ನನ್ನ ಬಾಯಲ್ಲಿತ್ತು. ಅವಳು ಮತ್ತೆ ಕೇಳಲಿಲ್ಲ. ಬೇರೆಯವರು ಸಲಿಕೆ ಹಿಡಿದಾಗ ಮಾತ್ರ ಜೀಪಿನಿಂದಿಳಿದು ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದಳು. ಬಿಸಿಲಿಗೆ ಹೋಗಬೇಡವೆಂದು ಅದಕ್ಕೂ ಒಮ್ಮೆ ಆಕ್ಷೇಪಿಸಿದೆ.

ಪರೀಕ್ಷೆಯ ದಿನ ಸಮಿತಿಯವರು ದಂಡೆಯ ಮೇಲಿನ ಬೇವಿನ ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ದಿಬ್ಬ ದಾಟಿ ಆಚೆಯ ಬಯಲಿನಲ್ಲಿ ತಿರುಗಿ ಬರಬೇಕು, ಹೂತರೆ ತಾನೇ ತೆಗೆಯಬೇಕು, ಯಾರೂ ನೆರವಾಗಕೂಡದು. ವಾರವಿಡೀ ಬೀಸಿದ ಗಾಳಿ ನಮ್ಮ ಹಳೆಯ ಜಾಡುಗಳನ್ನೆಲ್ಲ ಮುಚ್ಚಿಹಾಕಿತ್ತು. ಚೀಟಿ ಎತ್ತಿದಾಗ ಮೊದಲ ಸರದಿ ಹುಲಿಗೆಮ್ಮನದೇ ಬಂತು. ಮುಟ್ಟದ ಮರಳಿನ ಮೇಲೆ, ಪಕ್ಕದಲ್ಲಿ ನಾನಿಲ್ಲದೆ, ಅವಳು ಹೋದದ್ದು ಅದೇ ಮೊದಲು.

ದಿಬ್ಬದ ಬುಡದಲ್ಲಿ ಜೀಪು ನಿಂತಿತು. ಅವಳು ಗಾಬರಿಯಾಗಿ ರೇಸ್ ಕೊಟ್ಟಳು. ಹಿಂಗಾಲಿಗಳು ಮರಳನ್ನು ಹಿಂದಕ್ಕೆ ಚಿಮ್ಮಿಸುತ್ತ ಆಕ್ಸಲ್ಲಿನವರೆಗೆ ಇಳಿದವು. ಎಂಜಿನ್ ಸತ್ತಿತು. ಅಷ್ಟು ದೂರದಿಂದ ಅವಳು ತಿರುಗಿ ನನ್ನ ಕಡೆ ನೋಡಿದಳು.

ಕುರ್ಚಿಗಳಲ್ಲಿ ನಗು ಹುಟ್ಟಿತು. ಸದಸ್ಯರೊಬ್ಬರು, “ಮಾಸ್ತರ್ರ, ಎಲ್ಲಿ ಹೋತ್ರಿ ನಿಮ್ಮ ವಾದ? ಉಸುಕಿನಾಗೇನು?” ಎಂದರು.

ಆ ಗಳಿಗೆಯಲ್ಲಿ ಸುಮ್ಮನೆ ನಿಲ್ಲುವುದು ನನ್ನ ಕರ್ತವ್ಯವಾಗಿತ್ತು. ಕ್ರಮವೂ ಅದೇ. ಆದರೆ ನಾನು ಜೀಪಿಗೆ ಬೆನ್ನು ಮಾಡಿ ಕುರ್ಚಿಗಳ ಪಕ್ಕಕ್ಕೆ ನಡೆದು ನಿಂತು ಮಾತನಾಡತೊಡಗಿದೆ. ಸಮಿತಿಯವರೂ ದಿಬ್ಬವನ್ನು ಬಿಟ್ಟು ನನ್ನ ಕಡೆ ತಿರುಗಿ ಕುಳಿತರು. ಅವಳನ್ನು ಉಳಿಸಬೇಕೆಂದೇ ಮಾತನಾಡಿದೆ, ಅದರಲ್ಲಿ ಸಂಶಯವಿಲ್ಲ. ವೈದ್ಯರ ಜೀಪು ನಡೆಸುವವಳ ಕೆಲಸ ಜೀಪು ನಡೆಸುವುದೇ ಹೊರತು ಮರಳು ಬಗೆಯುವುದಲ್ಲ ಎಂದೆ. ಪ್ರಕೃತಿ ಹೆಣ್ಣಿಗೆ ಕೊಟ್ಟಿರುವುದು ತಾಳ್ಮೆ, ನಾಜೂಕು. ಅವಳನ್ನು ಸಲಿಕೆಯಿಂದ ಅಳೆಯುವುದು ನಾಗರಿಕ ಸಮಾಜಕ್ಕೆ ಶೋಭೆಯಲ್ಲ ಎಂದೆ. ಇಂಥ ಒರಟು ದುಡಿಮೆಯಿಂದ ಅವಳನ್ನು ಪಾರುಮಾಡುವುದೇ ನಿಜವಾದ ಸುಧಾರಣೆ ಎಂದೆ. ಅದಿರಿನ ಬುಟ್ಟಿ ಹೊತ್ತು ಕುತ್ತಿಗೆ ನೋಯಿಸಿಕೊಂಡವಳ ಬಗ್ಗೆ ನಾನು ಈ ಮಾತು ಆಡುತ್ತಿದ್ದೆ. ನಗು ನಿಂತಿತು. ಒಬ್ಬೊಬ್ಬರೇ ತಲೆದೂಗತೊಡಗಿದರು. ತಲೆದೂಗುವ ಸಭಿಕರನ್ನು ಕಂಡರೆ ನನಗೆ ನಿಲ್ಲಿಸಲು ಬರುತ್ತಿರಲಿಲ್ಲ. ಅಂದೂ ಅರ್ಧ ಗಂಟೆ ಮೀರಿತು.

“ಖರೇ ಮಾತು,” ಎಂದರು ಅಧ್ಯಕ್ಷರು. “ನಾವು ಇಷ್ಟು ಯೋಚನೆ ಮಾಡಿರ್ಲಿಲ್ಲ. ಒಪ್ಪಿದ್ವಿ ಮಾಸ್ತರ್ರ.”

ಅಷ್ಟರಲ್ಲಿ ದಿಬ್ಬದ ಕಡೆಯಿಂದ ಎಂಜಿನ್ನಿನ ಸದ್ದು ಕೇಳಿತು. ತಿರುಗಿ ನೋಡಿದರೆ ಜೀಪು ಆಚೆಯ ಬಯಲಿನಿಂದ ಮರಳಿ, ದಿಬ್ಬದ ನೆತ್ತಿಯನ್ನು ನೆಟ್ಟಗೆ ಏರಿ ನಮ್ಮ ಕಡೆ ಇಳಿಯುತ್ತಿತ್ತು. ಅವಳು ಹೇಗೆ ಹೊರಬಂದಳೆಂದು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಕಂಡಿದ್ದವನು ದೂರದಲ್ಲಿ ಇನ್ನೊಂದು ಜೀಪಿಗೆ ಒರಗಿ ನಿಂತಿದ್ದ ಮಾಬುಸಾಬ ಒಬ್ಬನೇ.

“ಒಬ್ಬಾಕೀನ ತಗದ್ಲು ಸರ,” ಎಂದ ಅವನು. “ಗಾಲಿ ಗಾಳಿ ಇನ್ನಷ್ಟು ಬಿಟ್ಲು. ಮುಂದೆಲ್ಲಾ ಬಗದ್ಲು. ಗೋಣಿಚೀಲ ಹಾಸಿ ಹಿಂದಕ್ಕ ತಗೊಂಡು ಮತ್ತ ಹತ್ತಿಸಿದ್ಲು. ಮಸ್ತ್ ಕೆಲಸ. ನೀವೆಲ್ಲಾ ಆ ಕಡೆ ಮುಖ ಮಾಡಿದ್ರಿ.”

ನಾನು ಓಡಿ ಅಧ್ಯಕ್ಷರ ಬಳಿ ಹೋದೆ. ನೋಡಿ, ಅವಳು ಎಲ್ಲವನ್ನೂ ಮಾಡಿ ತೋರಿಸಿದ್ದಾಳೆ, ಪರೀಕ್ಷೆ ಪಾಸಾಗಿದೆ ಎಂದೆ.

“ಅದು ಇರ್ಲಿ ಬಿಡ್ರಿ,” ಎಂದರು ಅವರು ವಿಶ್ವಾಸದಿಂದ. “ನೀವು ಹೇಳಿದ್ದು ತತ್ವದ ಮಾತು. ಒಬ್ಬಾಕಿ ಹೆಂಗೋ ಮಾಡಿದ್ಲು ಅಂತ ತತ್ವ ಬಿಡೂಕಾಗ್ತದೇನು? ಹೆಣ್ಮಗಳಿಗೆ ಈ ಕಷ್ಟ ಬ್ಯಾಡ.”

ಬಿಡಿ ಉದಾಹರಣೆಯಿಂದ ತತ್ವ ಬೀಳುವುದಿಲ್ಲವೆಂದು ನಾನೇ ಅದೇ ಸಮಿತಿಯ ಮುಂದೆ ಎಷ್ಟೋ ಬಾರಿ ವಾದಿಸಿದ್ದೆ. ಅವರು ನನ್ನಿಂದಲೇ ಕಲಿತಿದ್ದರು. ಕೆಲಸ ಪಂಪಾಪತಿಗೆ ಹೋಯಿತು. ಆ ದಿನ ಅವನೂ ಹೂತಿದ್ದ, ಅವನೂ ತೆಗೆದಿದ್ದ. ಮುಂದಿನ ವರ್ಷದಿಂದ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಬಾರದೆಂದೂ ತೀರ್ಮಾನವಾಯಿತು. ತಿರಸ್ಕಾರದಿಂದಲ್ಲ, ಕರುಣೆಯಿಂದ.

ಮೊಳಕೈವರೆಗೆ ಮರಳು ಮೆತ್ತಿಕೊಂಡು ಬಂದ ಹುಲಿಗೆಮ್ಮನಿಗೆ ಈ ಸುದ್ದಿಯನ್ನು ನಾನೇ ಹೇಳಬೇಕಾಯಿತು. ಅವಳು ಕೇಳಿಸಿಕೊಂಡು, “ನೀವು ಮಾತಾಡಿದ್ದು ನನ್ನ ಕಡೆ ಏನ್ರಿ, ಅವರ ಕಡೆ ಏನ್ರಿ?” ಎಂದಳು.

“ನಿನ್ನ ಕಡೆನೇ ಅಮ್ಮಾ.”

“ಹಂಗಾದ್ರ ಸುಮ್ನಿದ್ದಿದ್ರ ಚೊಲೋ ಇತ್ತಲ್ರಿ,” ಎಂದಳು. ಆಮೇಲೆ ಗೋಣಿಚೀಲಗಳನ್ನು ಜಾಡಿಸಿ ಮಡಚಿ ಜೀಪಿನಲ್ಲಿಟ್ಟಳು.

ಮಾರನೆಯ ವಾರ ಕ್ಷಮೆ ಕೇಳಲು ಚೋರನೂರಿಗೆ ಹೋದೆ. ಅವಳು ಕುಂದ್ರಿ ಎಂದಳು, ನೀರು ಕೊಟ್ಟಳು, ನನ್ನ ಮಾತನ್ನು ಪೂರ್ತಿ ಕೇಳಿದಳು. “ಇದನ್ನ ನನ್ನ ಮುಂದ ಯಾಕ ಹೇಳ್ತೀರಿ ಸರ? ಅವರ ಮುಂದ ಹೇಳ್ರಿ,” ಎಂದಳು. ಮುಂದಿನ ಸಭೆಯಲ್ಲಿ ಹೇಳಿದೆ. ನಾನು ಅಂದು ಆಡಿದ್ದು ತಪ್ಪು, ಹೆದರಿಕೆಯಿಂದ ಆಡಿದ್ದು, ಅವಳು ಮಾಡಿದ್ದೇ ಸರಿಯಾದ ಉತ್ತರ ಎಂದೆ. ಅಲಂಕಾರವಿಲ್ಲದೆ ಮಾತನಾಡಲು ನನಗೆ ಅಭ್ಯಾಸವಿರಲಿಲ್ಲ, ತಡವರಿಸಿದೆ. ಅಧ್ಯಕ್ಷರು ನಗುತ್ತ, “ಮೊದಲನೇ ಭಾಷಣನ ಚೊಲೋ ಇತ್ರಿ ಮಾಸ್ತರ್ರ,” ಎಂದರು. ಎಲ್ಲರೂ ನಕ್ಕರು. ಚಹಾ ಬಂತು. ಇನ್ನೊಮ್ಮೆ ಎದ್ದು ನಿಲ್ಲಲು ಹೊರಟಾಗ ಸಿದ್ದನಗೌಡರು ನನ್ನ ಅಂಗಿ ಹಿಡಿದು ಕೂರಿಸಿದರು. ನಾನು ನಿವೃತ್ತನಾಗುವವರೆಗೂ ಆ ತೀರ್ಮಾನ ಹಾಗೆಯೇ ಇತ್ತು. ಕೇಳಿಕೊಂಡು ಬಂದ ಹೆಣ್ಣುಮಕ್ಕಳಿಗೆ ಇಲ್ಲವೆನ್ನುವಾಗ ಕಚೇರಿಯವರು ಕೊಡುತ್ತಿದ್ದ ಕಾರಣಗಳು, ಪದವೂ ಬದಲಾಗದೆ, ನನ್ನವೇ.

ಕೆಲವು ವರ್ಷಗಳ ನಂತರ ಸಂಡೂರು ಕಡೆಯ ಒಂದು ಶಾಲೆಯಲ್ಲಿ ರಸ್ತೆ ಸುರಕ್ಷತೆಯ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದರು. ಅದೇ ವೈದ್ಯರ ಜೀಪಿನಲ್ಲಿ ನನಗೂ ಜಾಗ ಸಿಕ್ಕಿತು. ಪಂಪಾಪತಿ ನಡೆಸುತ್ತಿದ್ದ. ಚೋರನೂರಿಗೆ ಸಮೀಪದ ಹಳ್ಳದ ಮರಳಿನಲ್ಲಿ ಜೀಪು ನಿಂತಿತು. ಅವನು ಇಳಿಯಲೂ ಇಲ್ಲ. ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವನನ್ನು ಕೂಗಿ, “ಹುಲಿಗೆಮ್ಮಕ್ಕಗ ಹೇಳೋ ಮಾರಾಯಾ,” ಎಂದ.

ನಾನು ಅವನನ್ನು ನೋಡಿದೆ.

“ಈ ಹಳ್ಳ ನನಗ ತಿಳಿಯಂಗಿಲ್ರಿ ಸರ,” ಎಂದ, ನಾಚಿಕೆಯಿಲ್ಲದೆ, ದುರುದ್ದೇಶವೂ ಇಲ್ಲದೆ. “ಯಾವಾಗ್ಲೂ ಆಕೀನ ತಗಿಯೂದು.”

ಹೊಲದಿಂದ ನೆತ್ತಿಗೆ ಸೆರಗು ಬಿಗಿದುಕೊಂಡು ಬಂದಳು. ನನ್ನನ್ನು ಗುರುತಿಸಿದಳು. “ಆರಾಮ ಅದೀರೇನ್ರಿ ಸರ? ಇಳೀರಿ, ಭಾರ ಕಮ್ಮಿ ಆಗ್ಲಿ,” ಎಂದಳು. ನಾನೂ ವೈದ್ಯರೂ ಇಳಿದು ಬದಿಗೆ ನಿಂತೆವು. ಅವಳು ಗಾಲಿಗಳನ್ನು ಸುತ್ತಿ ನೋಡಿ, ಮುಂದಿನ ಮರಳು ಬಗೆದು, ಸೀಟಿಗೆ ಹತ್ತಿ, ಒಂದು ಸಲ ಹಿಂದಕ್ಕೆ ಒಂದು ಸಲ ಮುಂದಕ್ಕೆ ಸರಿಸಿ, ಗಾಬರಿಯ ಒಂದು ಸದ್ದೂ ಇಲ್ಲದಂತೆ ಆಚೆಯ ದಂಡೆಗೆ ಒಯ್ದು ನಿಲ್ಲಿಸಿದಳು. ಎಂಜಿನ್ ಆರಿಸದೆ ಇಳಿದು, ಸ್ಟೇರಿಂಗನ್ನು ಪಂಪಾಪತಿಗೆ ಬಿಟ್ಟುಕೊಟ್ಟಳು.

“ಮುಂದಿನ ಸಲ ಮ್ಯಾಲಿನ ದಾರಿ ಹಿಡಿಲೇ. ನನಗ ಹೊಲದಾಗ ಕಳೆ ಅದ,” ಎಂದಳು. ನನ್ನ ಕಡೆ ತಿರುಗಿ, “ನಿಮಗ ಭಾಷಣಕ್ಕ ಹೊತ್ತಾಗ್ತದ. ಹತ್ರಿ ಸರ,” ಎಂದು ಹೊಲದ ಕಡೆ ನಡೆದಳು.

ನಾನು ಹತ್ತಿದೆ.